ಗೋವಿಂದಮ್ಮನ ವೋಟು

ಅಗರದ ಮೇಲಿನ ಬೀದಿಯ ವಾಲ್ವನ್ನು ತಿರುಗಿಸುವ ಹದ ಗೊತ್ತಿದ್ದದ್ದು ಊರಲ್ಲಿ ಒಬ್ಬನಿಗೇ, ನೀರುಗಂಟಿ ನಟರಾಜುವಿಗೆ. ಎಡಕ್ಕೆ ಹನ್ನೊಂದು ಸುತ್ತು, ಆಮೇಲೆ ಅರ್ಧ ಸುತ್ತು ಹಿಂದಕ್ಕೆ, ಆಮೇಲೆ ಮುನಿಸಿಕೊಂಡ ಹೆಂಡತಿಯ ಪಕ್ಕ ಕೂತ ಹಾಗೆ ಸುಮ್ಮನೆ ಕೈಯಿಟ್ಟುಕೊಂಡು ಕಾಯುವುದು. ಮೂರು ಸರ್ಕಾರಗಳು ಬಂದು ಹೋಗಿದ್ದವು, ಆ ವಾಲ್ವು ಒಂದರ ಮಾತನ್ನೂ ಕೇಳಿರಲಿಲ್ಲ. ಆ ಸೋಮವಾರ ಬೆಳಿಗ್ಗೆ ಗುಂಡಿಯೊಳಗೆ ಕುಕ್ಕರುಗಾಲಲ್ಲಿ ಕೂತವನಿಗೆ ಏಳನೇ ಸುತ್ತಿನ ಹತ್ತಿರ ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದ. ಮತ್ತೆ ತಪ್ಪಿತು. ಹನ್ನೊಂದು ಗಂಟೆಗೆ ಅವ್ವನನ್ನು ಕರೆದುಕೊಂಡು ಯಳಂದೂರಿನ ತಾಲ್ಲೂಕು ಕಚೇರಿಗೆ ಹೋಗಬೇಕಿತ್ತು. ಅವ್ವನ ವೋಟನ್ನು ಕದ್ದವರು ಯಾರು ಎಂದು ಅಲ್ಲಿ ವಿಚಾರಣೆ. ಕದ್ದವನು ಗುಂಡಿಯೊಳಗೆ ಕೂತು ಸುತ್ತು ಎಣಿಸುತ್ತಿದ್ದ.

"ಲೇ ನಟರಾಜ, ನೀರು ಬುಡ್ತಿಯೋ ಇಲ್ಲಾ ಗುಂಡೀಲೇ ಸಂಸಾರ ಊಡ್ತಿಯೋ?" ಪಕ್ಕದ ಮನೆಯ ರಾಮಮ್ಮ ಕೊಡ ಸೊಂಟಕ್ಕಿಟ್ಟು ಮೇಲಿನಿಂದ ಬಗ್ಗಿ ನೋಡಿದಳು.

"ಬುಟ್ಟೆ ತಡಿ ರಾಮಕ್ಕ."

"ಇವತ್ತು ನಿಮ್ಮವ್ವುನ್ ಕೇಸಲ್ವಾ? ಬುಡ್‌ಬ್ಯಾಡ ಕಣ್ಲಾ ಆ ಸ್ಕೂಲ್ ಮೇಡಮ್ನ. ಮುದ್ಕಮ್ಮುನ್ ವೋಟು ತಿಂದೋರು ಉದ್ಧಾರಾದರಾ?"

"ಆಗಲ್ಲ ಕಣಕ್ಕ," ಎಂದ ನಟರಾಜು. ಇಷ್ಟು ಮನಸಾರೆ ಅವನು ಯಾವ ಮಾತಿಗೂ ಒಪ್ಪಿಗೆ ಕೊಟ್ಟಿರಲಿಲ್ಲ.

ಅವ್ವನ ವೋಟಿನ ದಿನ ಮನೆಗೆ ಬಂದವರು ನಾಲ್ಕು ಜನ. ವಯಸ್ಸಾದವರ ವೋಟನ್ನು ಮನೆ ಬಾಗಿಲಲ್ಲೇ ಹಾಕಿಸಿಕೊಳ್ಳುವ ಏರ್ಪಾಡು. ಸ್ಕೂಲಿನ ಮೀನಾ ಮೇಡಮ್, ಅವರ ಜೊತೆಗೊಬ್ಬ ಸಹಾಯಕ, ಒಬ್ಬ ಪೊಲೀಸು, ಒಬ್ಬ ವಿಡಿಯೋದವನು. ನಟರಾಜುವಿನ ಹೆಂಡತಿ ಶಿವಮ್ಮ ಟೀ ಕಾಸಿದಳು, ಅವರು ಕುಡಿಯಲಿಲ್ಲ. ವೋಟರ ಮನೆಯ ಟೀ ಕುಡಿಯಬಾರದೆಂದು ಮೇಲಿನಿಂದ ಆರ್ಡರಂತೆ. ಪೊಲೀಸಿನವನು ಮಾತ್ರ ಲೋಟವನ್ನೇ ನೋಡುತ್ತ ನಿಂತಿದ್ದ. ಟೀವಿ ಮುಂದಿನ ಟೀಪಾಯಿಯ ಮೇಲೆ ರಟ್ಟಿನ ಮರೆ ಇಟ್ಟರು. ಎಂಬತ್ತಾರು ವರ್ಷದ ಗೋವಿಂದಮ್ಮನಿಗೆ ಎರಡೂ ಕಣ್ಣಿಗೆ ಪೊರೆ, ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣದು. ಹಾಗಾಗಿ ಮಗನೇ ಗುರುತು ಹಾಕಬಹುದು, ಆದರೆ ಯಾರಿಗೆ ಹಾಕಿದೆನೆಂದು ಜೀವ ಹೋದರೂ ಯಾರಿಗೂ ಹೇಳುವುದಿಲ್ಲವೆಂದು ಒಂದು ಫಾರಂಗೆ ಸೈನು ಮಾಡಬೇಕು. ಜೀವದ ಮಾತು ಫಾರಂನಲ್ಲಿರಲಿಲ್ಲ. ನಟರಾಜುವಿಗೆ ಹಾಗೆ ಕೇಳಿಸಿತು.

"ಒಲ್ಗೆ ಮಿಷನ್ಗೆ ಆಕು ಮಗ," ಎಂದು ಅವ್ವ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಜೋರಾಗಿ ಹೇಳ್ಬಾರ್ದು ಅಜ್ಜಿ, ಗುಟ್ಟಾಗಿ ಹೇಳ್ಬೇಕು," ಎಂದರು ಮೀನಾ ಮೇಡಮ್.

"ಗುಟ್ಟ್ಯಾಕವ್ವ? ನಾನೇನ್ ಕಳ್ತನ ಮಾಡೀನಾ?"

ಎಲ್ಲರೂ ನಕ್ಕರು. ನಟರಾಜುವೂ ನಗುತ್ತಲೇ ರಟ್ಟಿನ ಮರೆಗೆ ಬಗ್ಗಿದ. ಹೊಲಿಗೆ ಮಿಷನ್ ಗುರುತಿನವನು ಯಾವ ಪಾರ್ಟಿಯೂ ಇಲ್ಲದ ಮನುಷ್ಯ. ಹೆಸರು ಕೊನೆಯಿಂದ ಎರಡನೆಯದು, ಫೋಟೋದಲ್ಲಿ ಅವನೇ ತನಗೆ ವೋಟು ಹಾಕುವುದು ಅನುಮಾನ ಎಂಬ ಮುಖ. ನಟರಾಜುವಿನ ಪೆನ್ನು ಅಲ್ಲಿಯವರೆಗೆ ಹೋಗಿತ್ತು. ದೇವರಾಣೆ ಹೋಗಿತ್ತು. ಆದರೆ ಈ ಜಿಲ್ಲೆಯಲ್ಲಿ ಹಿಂದೊಮ್ಮೆ ಒಬ್ಬರು ಒಂದೇ ಒಂದು ವೋಟಿನಿಂದ ಸೋತಿದ್ದರು. ಆ ಮಾತನ್ನು ಇಲ್ಲಿಯ ಕೂಸುಗಳು ಮೊಲೆಹಾಲಿನ ಜೊತೆಗೇ ಕುಡಿಯುತ್ತವೆ. ಬೇರೆ ಜಿಲ್ಲೆಯ ಜನ ವೋಟನ್ನು ದಾರಿ ಮೇಲೆ ಎಸೆದು ಹೋಗಬಹುದು. ಕೊಳ್ಳೇಗಾಲ, ಯಳಂದೂರಿನ ಕಡೆಯವನ ಕೈಗೆ ಹಾಗೆ ಎಸೆಯಲು ಬರುವುದಿಲ್ಲ. ನಟರಾಜು ಪಾರ್ಟಿಯ ಮನುಷ್ಯ, ನಾಲ್ಕು ವಾಟ್ಸಾಪ್ ಗ್ರೂಪುಗಳಲ್ಲಿ ಹಗಲೂ ರಾತ್ರಿ ದೇಶವನ್ನು ಎತ್ತಿ ಹಿಡಿದವನು. ಇದೇ ಒಂದು ವೋಟಿನಿಂದ ನಮ್ಮವನು ಸೋತರೆ? ಪೆನ್ನು ಮೇಲಕ್ಕೆ ಜಾರಿತು. ಎರಡನೇ ಹೆಸರಿನ, ಪಾರ್ಟಿಯವನ ಹೆಸರಿನ ಮುಂದೆ ಗುರುತು ಬಿತ್ತು. ಕಾಗದ ಮಡಚಿ, ಲಕೋಟೆಗೆ ಹಾಕಿ, ಅಂಟು ಹಚ್ಚಿ ಕೊಟ್ಟ.

"ಆಕ್ದಾ ಮಗ?"

"ಆಕ್ದೆ ಕಣವ್ವ."

ಹಾಕಿದ್ದಂತೂ ನಿಜ.

ಸೋಮವಾರ ನೀರು ಬಿಟ್ಟು ಮನೆಗೆ ಬಂದಾಗ ಅವ್ವ ಆಗಲೇ ರೆಡಿಯಾಗಿ ಜಗಲಿಯ ಮೇಲೆ ಕೂತಿದ್ದಳು, ಮಡಿಕೆ ಮುರಿಯದ ನೀಲಿ ಸೀರೆ, ಎಣ್ಣೆ ಹಾಕಿ ಬಾಚಿದ ನಾಲ್ಕು ಕೂದಲು. ತುಟಿ ಅಲುಗುತ್ತಿತ್ತು. "ಪಟೇಲರ್ ಮನೆ ದೊಡ್ಡಬಸಮ್ಮ, ಎದೆ ಮೂವತ್ತೆಂಟು, ತೋಳು ಅನ್ನೊಂದು. ರಂಗನಾಯಕನ ಎಂಡ್ರು, ಎದೆ ಮೂವತ್ನಾಕು, ಬೆನ್ನು ಒಸಿ ಗೂನು." ಅವ್ವನಿಗೆ ಮರೆವು ಬಂದಿದೆ ಎಂದು ಮನೆಯಲ್ಲಿ ಮಾತು ಶುರುವಾದಾಗಿನಿಂದ ಇದು ಅವಳ ದಿನದ ಪಾಠ. ಸತ್ತು ಮಣ್ಣಾದ ಹೆಂಗಸರ ರವಿಕೆಯ ಅಳತೆಗಳನ್ನು ಒಂದು ಇಂಚೂ ತಪ್ಪದೆ ಒಪ್ಪಿಸುವಳು. ಶಿವಮ್ಮ ತನ್ನ ಟೀವಿ ಸ್ಪರ್ಧೆಯ ಹುಡುಗಿಗೆ ವಾರಕ್ಕೆರಡು ಸಲ ಫೋನಿನಲ್ಲಿ ವೋಟು ಒತ್ತುವವಳು, ಯಾರನ್ನು ಹೊರಗೆ ಹಾಕಬೇಕೆಂಬುದರಲ್ಲಿ ಪಳಗಿದವಳು. ಅತ್ತೆಯನ್ನು ಕುರಿತು ಅವಳು ತೀರ್ಪು ಕೊಟ್ಟು ಆರು ತಿಂಗಳಾಗಿತ್ತು. ಸಾರಿಗೆ ಉಪ್ಪು ಎರಡು ಸಲ ಹಾಕಿದ್ದು ಅತ್ತೆಯೇ ಎಂಬುದು ಅವಳ ವಾದ. "ನಾನು ಒಂದೇ ದಪ ಆಕಿದ್ದು, ಇನ್ನೊಂದು ದಪ ಆಕ್ದೋಳು ನೀನು," ಎಂಬುದು ಅತ್ತೆಯದು. ಬುದ್ಧಿ ಕೆಟ್ಟಿದೆ ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಎಂದು ಅವ್ವ ಒಂದಲ್ಲ ಹತ್ತು ಸಲ ಹೇಳಿದ್ದಳು.

ಆ ಅಳತೆಗಳಾದರೂ ಅವಳಿಗೆ ಯಾಕೆ ಬಾಯಿಪಾಠ ಎಂದರೆ, ಅವಳ ಗಂಡ ಚಿನ್ನಸ್ವಾಮಿ ಟೈಲರು ಅಂದರೆ ಸುತ್ತ ಹದಿನೆಂಟು ಹಳ್ಳಿಗೆ ಹೆಸರು. ಓಡುವ ಮೆರವಣಿಗೆಯಲ್ಲಿ ಜೊತೆಗೇ ಓಡುತ್ತ ಲೀಡರೊಬ್ಬರ ಹರಿದ ಜುಬ್ಬಾ ಹೊಲಿದುಕೊಟ್ಟ, ಲೀಡರಿಗೆ ಗೊತ್ತೇ ಆಗಲಿಲ್ಲ ಎಂದು ಜನ ಈಗಲೂ ಹೇಳುತ್ತಾರೆ. ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಕೊನೆಯ ಹನ್ನೊಂದು ವರ್ಷ ಅಪ್ಪನಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಅವನು ಕುತ್ತಿಗೆಗೆ ಟೇಪು ಹಾಕಿಕೊಂಡು ಅಂಗಡಿಯ ಮುಂದೆ ಕೂತು ಗಿರಾಕಿಗಳ ಜೊತೆ ರಾಜಕೀಯ ಮಾತಾಡುತ್ತಿದ್ದ. ಒಳಗೆ, ಸೀರೆಯ ಪರದೆಯ ಹಿಂದೆ, ಮಿಷನ್ ತುಳಿಯುತ್ತಿದ್ದವಳು ಅವ್ವ. ಹೊಗಳಿಕೆ ಮುಂದೆ, ಹೊಲಿಗೆ ಹಿಂದೆ. ನಟರಾಜುವಿನ ಸ್ಕೂಲು ಫೀಸು, ಕೊಳ್ಳೇಗಾಲದ ಟಾಕೀಸಿನಲ್ಲಿ ಅವನು ಪರದೆಗೆ ಎಸೆದ ಚಿಲ್ಲರೆ, ಮೆಚ್ಚಿನ ಹೀರೋನ ಕಟೌಟಿಗೆ ಹಾಕಿದ ಹಾರ ಎಲ್ಲವೂ ಆ ಪರದೆಯ ಹಿಂದಿನಿಂದಲೇ ಬಂದದ್ದು. ಅವ್ವನ ಕಣ್ಣು ಹೋದದ್ದೂ ಅಲ್ಲಿಯೇ.

ಹಾಗಾಗಿ ಆ ನಾಲ್ವರು ಮನೆಗೆ ಬರುವ ಮೂರು ದಿನ ಮುಂಚೆ, ನಟರಾಜುವಿನ ಮಗಳು ಮಾಲಿನಿ ಗುರುತುಗಳ ಪಟ್ಟಿ ಓದುತ್ತ ಹೊಲಿಗೆ ಮಿಷನ್ ಎಂದಾಗ ಅವ್ವ ತಲೆಯೆತ್ತಿದ್ದಳು. "ಇದ್ವರ್ಗೂ ನಿಮ್ಮಪ್ಪ ಏಳ್ದೋರ್ಗೆ ಆಕ್ದೆ. ಆಮ್ಯಾಕೆ ನೀ ಏಳ್ದೋರ್ಗೆ ಆಕ್ದೆ. ಈ ಒಂದ್ಸಲ ನಾ ಏಳ್ದಂಗೆ ನೀನು ಆಕು ಮಗ. ಅವ್ನು ಯಾರಾರಾ ಆಗ್ಲಿ, ಆ ಮಿಷನ್ನು ತುಳ್ದೋಳು ನಾನು."

"ಊ ಕಣವ್ವ," ಎಂದಿದ್ದ ಅವನು, ಫೋನಿನಿಂದ ಕಣ್ಣೆತ್ತದೆ.

ಎಣಿಕೆಯ ದಿನ ಪಾರ್ಟಿ ಗೆದ್ದಿತು. ಒಂದು ವೋಟಿನಿಂದಲ್ಲ, ಸಾವಿರಗಟ್ಟಲೆ ವೋಟಿನಿಂದ. ಅಗರದ ಅಷ್ಟೂ ಜನ ಮಲಗಿ ನಿದ್ದೆ ಮಾಡಿದ್ದರೂ ಗೆಲ್ಲುತ್ತಿತ್ತು. ಪಟಾಕಿಯ ಹೊಗೆಯಲ್ಲಿ ನಟರಾಜು ಮನೆಗೆ ಬಂದಾಗ ಅವ್ವ ಮಾಲಿನಿಯ ಪಕ್ಕ ಕೂತಿದ್ದಳು. ಗೆದ್ದವರು ಯಾರೆಂದು ಅವಳು ಕೇಳಿರಲೇ ಇಲ್ಲ, ತನ್ನದು ಎಷ್ಟಾಯಿತೆಂದು ಕೇಳಿದ್ದಳು. ಮಾಲಿನಿ ಕಾಲೇಜಿನ ಹುಡುಗಿ, ಇದ್ದದ್ದನ್ನು ಇದ್ದ ಹಾಗೆ ಓದುವ ಕೆಟ್ಟ ಚಾಳಿ. "ಹೊಲಿಗೆ ಮಿಷನ್ನು, ಬೂತಲ್ಲಿ ಬಿದ್ದಿದ್ದು ಮುನ್ನೂರಾ ಹನ್ನೆರಡು. ಅಂಚೆ ವೋಟು ಸೊನ್ನೆ."

"ನಂದು ಯಾವ್ದು?"

"ಮನೇಲಿ ಹಾಕಿದ್ದು ಅಂಚೇಲಿ ಸೇರುತ್ತಜ್ಜಿ."

"ಸೊನ್ನೆ ಅಂದ್ರೆ?"

"ಒಂದೂ ಇಲ್ಲ ಅಂತ."

ಅವ್ವ, "ಇನ್ನೊಂದ್ ದಪ ನೋಡು," ಎಂದಳು. ಮಾಲಿನಿ ಇನ್ನೊಂದು ಸಲ ನೋಡಿದಳು. ಸೊನ್ನೆಯನ್ನು ಎಷ್ಟು ಸಲ ನೋಡಿದರೇನು.

ಅಲ್ಲಿಗೇ ಮುಗಿಯುತ್ತಿತ್ತೇನೋ. ರಾಮಮ್ಮನ ಬಾಯಿಂದ ಅದು ಪುಟ್ಟಬಸಪ್ಪನ ಕಿವಿಗೆ ಬಿತ್ತು. ಸೋತ ಪಾರ್ಟಿಯ ಪುಟ್ಟಬಸಪ್ಪ ಆಗಷ್ಟೇ ಮಾಡಲು ಕೆಲಸವಿಲ್ಲದೆ ಕೂತಿದ್ದ. ಸಂಜೆಯೊಳಗೆ ಜಗಲಿಗೆ ಬಂದು ಅವ್ವನ ಮಾತನ್ನು ವಿಡಿಯೋ ಮಾಡಿಕೊಂಡ, ತಾನೇ ಅರ್ಜಿ ಬರೆದ, ಕೆಳಗೆ ಅವ್ವನ ಸೈನು ಹಾಕಿಸಿದ. ಮರುದಿನ ನಟರಾಜು ಟ್ಯಾಂಕಿನ ನೆರಳಲ್ಲಿ ಕೂತಿದ್ದಾಗ ಫೋನು ಟುಂಯ್ ಎಂದಿತು. 'ಅಜ್ಜಿಯ ವೋಟು ಕದ್ದವರು ಯಾರು?' ಎಂಬ ತಲೆಬರಹದ ವಿಡಿಯೋ. ಅವನು ತೆರೆದು ನೋಡುವ ಮೊದಲೇ ಬೆರಳು ಅಭ್ಯಾಸದಂತೆ 'ಇದು ಸುಳ್ಳು ಸುದ್ದಿ, ದುಡ್ಡು ಕೊಟ್ಟು ಮಾತಾಡಿಸಿದ್ದಾರೆ' ಎಂದು ನಾಲ್ಕೂ ಗ್ರೂಪಿಗೆ ಕಳಿಸಿಬಿಟ್ಟಿತ್ತು. ಆಮೇಲೆ ತೆರೆದ. ಧಾರಾವಾಹಿಯಲ್ಲಿ ಸೊಸೆ ವಿಷ ಕುಡಿಯುವಾಗ ಬರುವಂಥ ಪಿಟೀಲು, ಅದರ ನಡುವೆ ಅವ್ವನ ಮುಖ, ಫೋನು ಯಾವ ಕಡೆ ಇದೆಯೆಂದು ತಿಳಿಯದೆ ಗೋಡೆಯ ಕಡೆ ನೋಡುತ್ತ ಮಾತಾಡುತ್ತಿದ್ದಳು. "ನನ್ ಮಗ ಸರ್ಯಾಗೇ ಆಕವ್ನೆ. ಆಮ್ಯಾಕೆ ಯಾರೋ ತಗ್ದವ್ರೆ." ನೂರಾ ನಲವತ್ತು ಜನ ಅವನ ಉತ್ತರಕ್ಕೆ ಹೆಬ್ಬೆಟ್ಟು ಎತ್ತಿದ್ದರು.

ಆ ಸೋಮವಾರ ಯಳಂದೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವ್ವನನ್ನು ಕೂರಿಸಿದ. ಕಾಣದಿದ್ದರೂ ಅವಳಿಗೆ ಕಿಟಕಿ ಬೇಕು. ಗದ್ದೆಯ ವಾಸನೆ ಬಂದಾಗ "ನಾಟಿ ಆಗದ" ಎಂದಳು, ಬೆಲ್ಲದ ವಾಸನೆ ಬಂದಾಗ "ಆಲೆಮನೆ" ಎಂದಳು. ಯಳಂದೂರು ಬರುವುದರೊಳಗೆ ಹೇಳಿಬಿಡಬೇಕು, ಬಸ್ಸಿನ ಗದ್ದಲದಲ್ಲಿ ಹೇಳಿದರೆ ಅರ್ಧ ಕೇಳಿಸಿ ಅರ್ಧ ಕೇಳಿಸದೆ ಪಾಪ ಅರ್ಧವಾಗಬಹುದು ಎಂದು ಲೆಕ್ಕ ಹಾಕಿದ. ಡ್ರೈವರು ಸಿನಿಮಾ ಹಾಡು ಹಾಕಿದ್ದ. ಅದು ಮುಗಿಯಲಿ ಎಂದುಕೊಂಡ, ಮುಗಿಯಿತು. ಇನ್ನೊಂದು ಶುರುವಾಯಿತು.

"ಅವ್ವ."

"ಯಾನ್ ಮಗ?"

"ಕಿಟ್ಕಿ ಗಾಳಿ ಜಾಸ್ತಿ ಆಯ್ತಾ?"

"ಇಲ್ಲ ಕಣ್ ಬುಡು." ತುಸು ದೂರ ಹೋದ ಮೇಲೆ ಅವಳೇ ಅಂದಳು, "ಸೋತ್ರೆ ಸೋಲ್ಲಿ ಕಣ್ಲಾ. ಒಂದು ಅಂತ ಇದ್ದಿದ್ರೆ ಆಗಿತ್ತು. ಮುನ್ನೂರಾ ಅನ್ನೆರಡ್ರ ಪಕ್ಕ ಒಂದು. ಅದು ಗೋವಿಂದಮ್ಮ ಅಂತ ನಂಗೊಬ್ಳಿಗೇ ಗೊತ್ತಿರದು. ಸೊನ್ನೆ ಅಂದ್ಬುಟ್ರೆ ನಾನು ಇಲ್ವೇ ಇಲ್ಲ ಅಂದಂಗಲ್ವಾ?"

ಅವನು ಟಿಕೇಟನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಚಿದ.

ಕಚೇರಿಯ ಜಗಲಿಯಲ್ಲಿ ಪುಟ್ಟಬಸಪ್ಪ ಫೋನು ಹಿಡಿದು ನಿಂತಿದ್ದ. ವಿಚಾರಣೆ ಬರೆದುಕೊಳ್ಳುವ ಗುಮಾಸ್ತ ಚನ್ನಬಸವ ಅವನನ್ನು ಒಳಗೆ ಬಿಡಲಿಲ್ಲ. ಒಳಗೆ ಫ್ಯಾನಿನ ಕೆಳಗೆ ಮೀನಾ ಮೇಡಮ್ ಕೂತಿದ್ದರು. ಆ ದಿನ ನಕ್ಕ ಮುಖ ಇದೇನಾ ಎಂಬಷ್ಟು ಬಾಡಿತ್ತು. ನೋಟೀಸು ಬಂದು ನಾಲ್ಕು ದಿನವಾಗಿತ್ತಂತೆ, ಸಸ್ಪೆಂಡ್ ಆಗಬಹುದಂತೆ. ಗುಮಾಸ್ತ ಅರ್ಜಿ ಓದಿದ.

"ಅಜ್ಜಿ ಹೊಲಿಗೆ ಮಿಷನ್ ಅಂದಿದ್ದು ನಾವೆಲ್ಲ ಕೇಳಿದ್ದೀವಿ ಸರ್," ಎಂದರು ಮೇಡಮ್. "ಲಕೋಟೆ ಅಂಟಿಸಿ ಕೊಟ್ಟಿದ್ದು ಇವ್ರೇ. ಅದು ಮತ್ತೆ ತೆರೆದಿದ್ದು ಎಣಿಕೆ ಟೇಬಲ್ಲಲ್ಲೇ. ಒಳಗೆ ಏನು ಗುರುತಿತ್ತು ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು? ನಂಗೆ ಎರಡು ಮಕ್ಕಳಿದ್ದಾರೆ ಸರ್. ನಟರಾಜಣ್ಣ, ನೀವೇ ಹೇಳಿ."

ಚನ್ನಬಸವ ಕನ್ನಡಕ ಮೂಗಿನ ತುದಿಗೆ ಇಳಿಸಿ ನಟರಾಜುವನ್ನು ನೋಡಿದ. "ಏನ್ರೀ, ಯಾವುದಕ್ಕೆ ಹಾಕಿದ್ರಿ?"

"ಅವ್ನ್ಯಾಕ್ ಕೇಳ್ತೀರಿ ಸಾ?" ಅವ್ವ ಅಡ್ಡ ಬಂದಳು. "ನನ್ ಮಗ ನಾ ಏಳ್ದಂಗೇ ಆಕವ್ನೆ. ಅವ್ನ್ ಮ್ಯಾಲೆ ಅನ್ಮಾನ ಬ್ಯಾಡಿ."

ನಟರಾಜುವಿನ ನಾಲಿಗೆಯ ಮೇಲೆ ಮಾತು ಬಂದು ಕೂತಿತ್ತು. ಐವತ್ತನಾಲ್ಕು ವರ್ಷದ ಗಂಡಸು, ಒಂದೂರಿನ ನೀರು ತನ್ನ ಕೈಯಲ್ಲಿರುವವನು, 'ನಾನು ತಪ್ಪು ಮಾಡಿದೆ' ಎಂಬ ಮೂರು ಪದ ಹೇಳಬೇಕಿತ್ತು. ಬದಲಿಗೆ ಹೊರಬಂದದ್ದು ಬೇರೆ. "ನಾನು ಸೈನ್ ಆಕಿದೀನಿ ಸಾ. ಗುಟ್ಟು ಬುಡಂಗಿಲ್ಲ ಅಂತ ಫಾರಂನಲ್ಲೇ ಅದ. ರೂಲ್ಸು."

ಫ್ಯಾನು ಕಟಕಟ ಎನ್ನುತ್ತಿತ್ತು. ಚನ್ನಬಸವನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಗಿತ್ತು, ಮೇಡಮ್ಮಿಗೂ. ಅವ್ವನಿಗೆ ಬೇಕಾಗಲಿಲ್ಲ. ಅವನು ಸುಳ್ಳು ಹೇಳುವಾಗ ಧ್ವನಿ ಎಲ್ಲಿ ಸಣ್ಣಗಾಗುತ್ತದೆಂದು ಗೊತ್ತಿದ್ದವಳು ಲೋಕದಲ್ಲಿ ಒಬ್ಬಳೇ. ಅವಳು ಪೊರೆ ಬಂದ ಕಣ್ಣುಗಳನ್ನು ನಿಧಾನವಾಗಿ ಅವನ ಧ್ವನಿಯ ಕಡೆಗೆ ತಿರುಗಿಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಕಚೇರಿಯಲ್ಲೇ ಕಪಾಳಕ್ಕೆ ಹೊಡೆದಿದ್ದರೆ, ಹೊರಗೆ ಪುಟ್ಟಬಸಪ್ಪ ಅದನ್ನು ಪಿಟೀಲು ಹಾಕಿ ಊರಿಗೆಲ್ಲ ಹಂಚಿದ್ದರೆ, ಆಗಲೂ ಬದುಕಿಕೊಳ್ಳುತ್ತಿದ್ದ. ಅವ್ವ ಸೆರಗನ್ನು ಭುಜದ ಮೇಲೆ ಸರಿ ಮಾಡಿಕೊಂಡಳು.

"ಸಾ, ಒಸಿ ತಡೀರಿ," ಎಂದಳು. "ನಂಗೆ ಈಚ್ಗೆ ಮರ್ವು ಬಂದದ ಸಾ. ಮನೇಲಿ ಎಲ್ರೂ ಏಳ್ತವ್ರೆ, ನಾನೇ ಒಪ್ತಿರ್ನಿಲ್ಲ. ಆವತ್ತು ಎಲ್ರು ಮುಂದೆ ಮಿಷನ್ನು ಅಂದೆ. ಆಮ್ಯಾಕೆ ಮಗನ್ ಕಿವೀಲಿ ಬ್ಯಾರೆ ಏಳ್ದೆ. ಏಳಿದ್ದು ಮರ್ತೋಯ್ತು. ಈ ಎಣ್ಮಗೀಗೆ ಯಾನೂ ಮಾಡ್ಬ್ಯಾಡಿ, ತಪ್ಪು ನಂದು."

"ಬೇರೆ ಅಂದ್ರೆ ಯಾರಿಗೆ ಅಂದ್ರಜ್ಜಿ?"

"ಅದೂ ಮರ್ತೋಯ್ತು ಸಾ."

ಮೀನಾ ಮೇಡಮ್ ಬಗ್ಗಿ ಅವ್ವನ ಕಾಲು ಮುಟ್ಟಿದರು, ಅಳುತ್ತ. ಚನ್ನಬಸವ ಒಳ್ಳೆಯ ಮನುಷ್ಯ, ಉಸಿರು ಬಿಟ್ಟು ಒಂದು ಹಾಳೆ ಎಳೆದುಕೊಂಡು 'ಅರ್ಜಿದಾರರು ವಯೋಸಹಜ ಮರೆವಿನಿಂದ ತಪ್ಪು ತಿಳಿವಳಿಕೆಯಿಂದ ದೂರು ನೀಡಿದ್ದು' ಎಂದು ಬರೆದು ಗಟ್ಟಿಯಾಗಿ ಓದಿ ಹೇಳಿದ. ಪೆನ್ನು ಕೊಡಲು ಹೋದ. ಕಣ್ಣು ಹೋದ ಮೇಲೂ ಗೋವಿಂದಮ್ಮ ಎಂದು ಸಾಲು ತಪ್ಪದೆ ಬರೆಯುವವಳು ಪೆನ್ನನ್ನು ಪಕ್ಕಕ್ಕೆ ತಳ್ಳಿ ಎಡಗೈ ಹೆಬ್ಬೆರಳು ಚಾಚಿದಳು. ಇಂಕಿನ ಡಬ್ಬಿಗೆ ಅದನ್ನು ಒತ್ತಿ, ಹಾಳೆಯ ಮೇಲೆ ಹಿಡಿದು ಇಟ್ಟವನು ನಟರಾಜು. ಬೆರಳು ಒಂದು ಚೂರೂ ಅಡ್ಡಿ ಮಾಡಲಿಲ್ಲ, ಅವನು ಎಲ್ಲಿಗೆ ಎಳೆದರೆ ಅಲ್ಲಿಗೆ ಬಂತು.

ಹೊರಗೆ ಪುಟ್ಟಬಸಪ್ಪ, "ಯಾನಾಯ್ತು ಅಜ್ಜಿ? ಕ್ಯಾಮರಾ ಕಡೆ ತಿರ್ಗಿ ಏಳಿ," ಎಂದ.

"ನೀನ್ಯಾರಪ್ಪ?" ಎಂದಳು ಅವ್ವ.

ಅವನು ಫೋನು ಇಳಿಸಿದ. "ಓಗ್ಲಿ ಬುಡು ನಟರಾಜು, ಪಾಪ, ಪೂರ್ತಿ ಓಗ್ಬುಟ್ಟದ," ಎಂದು ನಟರಾಜುವಿನ ಹೆಗಲು ತಟ್ಟಿ ಹೊರಟುಹೋದ.

ವಾಪಸು ಬರುವಾಗ ಅವಳು ಕಿಟಕಿ ಕೇಳಲಿಲ್ಲ. ಯಾವ ವಾಸನೆಗೂ ಹೆಸರು ಹೇಳಲಿಲ್ಲ. ಶಿವಮ್ಮನಿಗೆ ಸುದ್ದಿ ಬಸ್ಸಿಗಿಂತ ಮುಂಚೆ ಮುಟ್ಟಿತ್ತು; ಗೆದ್ದವಳ ಹಾಗೆ ಆಡದೆ ಅತ್ತೆಯ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು, ಅದು ನಟರಾಜುವಿಗೆ ಇನ್ನೂ ಕಷ್ಟವಾಯಿತು. ಮರುದಿನದಿಂದ ಅಳತೆಗಳ ಪಾಠ ನಿಂತಿತು. ದೊಡ್ಡಬಸಮ್ಮನೂ ರಂಗನಾಯಕನ ಹೆಂಡತಿಯೂ ಎರಡನೇ ಸಲ ಸತ್ತರು. ಅವ್ವ ಸಾರಿನ ಉಪ್ಪಿನ ಬಗ್ಗೆ ವಾದ ಮಾಡಲಿಲ್ಲ. ಇವತ್ತು ಯಾವ ವಾರ ಎಂದು ಕೇಳುವಳು, ಹೇಳಿದರೆ ತಲೆದೂಗುವಳು, ಗಳಿಗೆ ಬಿಟ್ಟು ಮತ್ತೆ ಕೇಳುವಳು. ಇದು ನಿಜವಾದ ಮರೆವೋ, ಆ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ತೆಗೆದುಕೊಂಡದ್ದೋ ನಟರಾಜುವಿಗೆ ಗೊತ್ತಾಗಲಿಲ್ಲ. ಅವಳ ಮುಖವನ್ನು ಹತ್ತಿರದಿಂದ ನೋಡುವನು. ಕಣ್ಣು ಕಾಣದವರ ಮುಖದಲ್ಲಿ ಎದುರಿನವನಿಗೆ ಸಿಗುವ ಉತ್ತರ ಕಡಿಮೆ. ಒಂದು ಮಧ್ಯಾಹ್ನ ಪಕ್ಕ ಕೂತು "ಅವ್ವ, ಆ ವೋಟು" ಎಂದು ಶುರುಮಾಡಿದ. "ಯಾವ್ ವೋಟು ಮಗ?" ಎಂದಳು. ಕ್ಷಮಿಸುವವರು ಮರೆತ ಮೇಲೆ ತಪ್ಪೊಪ್ಪಿಗೆಯನ್ನು ಯಾವ ಬಾಗಿಲಲ್ಲಿ ಇಳಿಸಬೇಕು? ಎದ್ದು ಟ್ಯಾಂಕಿನ ಕಡೆ ಹೋದ. ನಾಲ್ಕೂ ಗ್ರೂಪಿನಿಂದ ಹೊರಗೆ ಬಂದ. ಯಾರೂ ಯಾಕೆಂದು ಕೇಳಲಿಲ್ಲ.

ಆಷಾಢದ ಒಂದು ಭಾನುವಾರ ಶಿವಮ್ಮ ಮಾಲಿನಿಯನ್ನು ಕರೆದುಕೊಂಡು ಹೂಗ್ಯಂನ ತವರಿಗೆ ಹೋಗಿದ್ದಳು. ಕೆಳಗಿನ ಬೀದಿಯ ಒಡೆದ ಪೈಪಿನ ಮಣ್ಣು ಬಗೆದು, ಅವರಿವರಿಂದ ಬೈಸಿಕೊಂಡು ನಟರಾಜು ಮನೆಗೆ ಬರುವಾಗ ಮೂರು ಗಂಟೆ. ಕಾಲು ತೊಳೆಯುತ್ತಿದ್ದ ಹಾಗೆ ಒಳಗಿನಿಂದ ಅವ್ವ ಕರೆದಳು.

"ಮಗ, ನಾನು ಉಂಡ್ನಾ?"

"ಉಂಡೆ ಕಣವ್ವ."

ಮಾತು ಬಾಯಿಂದ ಹೊರಬಿದ್ದ ಮೇಲೆ ಚೊಂಬು ಅವನ ಕೈಯಲ್ಲೇ ನಿಂತಿತು. ಬೆಳಿಗ್ಗೆ ಏಳಕ್ಕೆ ಹೋದವನು. ಅವಳು ಉಂಡದ್ದನ್ನು ಯಾವಾಗ ನೋಡಿದ? ಕೇಳಿದ ತಕ್ಷಣ, ನೋಡದೆ, ಯೋಚಿಸದೆ, ಅವಳ ಪರವಾಗಿ ಹೇಳಿಬಿಟ್ಟಿದ್ದ.

"ಅಂಗಾರೆ ಸರಿ," ಎಂದು ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಅವನು ಒದ್ದೆ ಕಾಲಲ್ಲೇ ಅಡಿಗೆಮನೆಗೆ ಹೋಗಿ ಮುಚ್ಚಳ ತೆಗೆದ. ಶಿವಮ್ಮ ಕಟ್ಟಿಟ್ಟು ಹೋದ ಎರಡು ಮುದ್ದೆ ಎರಡೂ ಹಾಗೇ ಇದ್ದವು. ಒಲೆ ಹಚ್ಚಿ ಸೊಪ್ಪಿನ ಸಾರು ಬಿಸಿ ಮಾಡಿದ, ತಟ್ಟೆಗೆ ಮುದ್ದೆ ಇಟ್ಟ, ಮೇಲೆ ಸಾರು ಬಿಟ್ಟ, ತಂದು ಅವಳ ಮುಂದಿಟ್ಟು ಕುಕ್ಕರುಗಾಲಲ್ಲಿ ಕೂತ. ಈ ಸಲ ಹೊರಬರಲೇಬೇಕೆಂದು ಮಾತನ್ನು ಎದೆಯಿಂದ ಎಳೆದು ತಂದ.

"ಅವ್ವ, ನಾನು ಸುಳ್ಳೇಳ್ದೆ. ನೀನು ಉಂಡಿಲ್ಲ."

ಅವ್ವ ಕೈ ಚಾಚಿ ತಟ್ಟೆಯ ಅಂಚನ್ನು ಮುಟ್ಟಿ ನೋಡಿದಳು. ಬಿಸಿಯಿತ್ತು. ಮೃದುವಾಗಿ, ಮಗುವಿಗೆ ಸಮಾಧಾನ ಹೇಳುವವಳ ಹಾಗೆ, ತಟ್ಟೆಯನ್ನು ಅವನ ಕಡೆಗೇ ಸರಿಸಿದಳು.

"ಆಗ್ಲೇ ಉಂಡೆ ಅಂದ್ಯಲ್ಲ ಮಗ," ಎಂದಳು. "ನೀ ಏಳಿದ್ ಮ್ಯಾಲೆ ಆಯ್ತು ಬುಡು."